ಅದಿರು ಲಾರಿ, ರಸ್ತೆ, ದಂಡ: ಲೆಕ್ಕ ಎಲ್ಲಿ ತಪ್ಪುತ್ತದೆ?

ಗಣಿ ಲಾರಿ ಮತ್ತು ರಸ್ತೆ ಹಾನಿ ಬಗ್ಗೆ, ಅದರಲ್ಲೂ ಬಳ್ಳಾರಿ ಬಗ್ಗೆ, ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಹೇಗೆ ಬರೆಯಬೇಕು ಅನ್ನುವ ಟಿಪ್ಪಣಿ ಇದು. ಗಣಿ ಲಾರಿಗಳು ಸಾರ್ವಜನಿಕ ರಸ್ತೆ ಬಳಸುವುದನ್ನು ಯಾವ ಕಾನೂನು ನೋಡಿಕೊಳ್ಳುತ್ತದೆ? ಮುಖ್ಯವಾಗಿ ಎರಡು. 1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ, ಅಂದರೆ ಎಂಎಂಡಿಆರ್ ಕಾಯ್ದೆ, ಅದಿರಿನ ಬಗ್ಗೆ ಕೇಳುತ್ತದೆ: ರಾಯಲ್ಟಿ (ಅದಿರು ತೆಗೆದದ್ದಕ್ಕೆ ಸರ್ಕಾರಕ್ಕೆ ಕೊಡುವ ಹಣ) ಕಟ್ಟಿದೆಯಾ, ಸಾಗಣೆ ಪರ್ಮಿಟ್ ಇದೆಯಾ? 1988ರ ಮೋಟಾರು ವಾಹನ ಕಾಯ್ದೆ ಲಾರಿಯ ಬಗ್ಗೆ ಕೇಳುತ್ತದೆ: ತೂಕ ಎಷ್ಟು? ಮೊದಲನೆಯದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕೆಲಸ, ಎರಡನೆಯದು ಆರ್‌ಟಿಒ ಕೆಲಸ. ಇನ್ನು ರಸ್ತೆಯ ಗುಂಡಿ ಮುಚ್ಚುವವರು ಇವರಿಬ್ಬರೂ ಅಲ್ಲ, ರಸ್ತೆ ನೋಡಿಕೊಳ್ಳುವ ಬೇರೆ ಇಲಾಖೆ. ಈ ಮೂರು ಕೈಗಳನ್ನು ನೆನಪಿಟ್ಟುಕೊಂಡರೆ ಉಳಿದದ್ದು ಸುಲಭ.

ಸೆಕ್ಷನ್‌ಗಳನ್ನು ಬೇಗ ಮುಗಿಸೋಣ. ಎಂಎಂಡಿಆರ್‌ನ 23ಸಿ ಪ್ರಕಾರ ಅಕ್ರಮ ಸಾಗಣೆ ತಡೆಯುವ ನಿಯಮಗಳನ್ನು ರಾಜ್ಯವೇ ಮಾಡಬಹುದು. ಕರ್ನಾಟಕ 2011ರಲ್ಲಿ ಮಾಡಿತು. ಮೋಟಾರು ವಾಹನ ಕಾಯ್ದೆಯಲ್ಲಿ 113 ತೂಕದ ಮಿತಿ, 114 ತೂಗಿಸುವ ಅಧಿಕಾರ, 115 ಒಂದು ರಸ್ತೆಯಲ್ಲಿ ಕೆಲವು ವಾಹನಗಳನ್ನು ನಿರ್ಬಂಧಿಸುವ ಅಧಿಕಾರ, 194 ದಂಡ. 2019ರ ತಿದ್ದುಪಡಿಯ ನಂತರ ಓವರ್‌ಲೋಡ್‌ಗೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000. ಮೊದಲು ಇದು 2,000 ಮತ್ತು ಟನ್ನಿಗೆ 1,000 ಇತ್ತು. ಹೆಚ್ಚಿನ ಲೋಡ್ ಇಳಿಸದೆ ಲಾರಿಯನ್ನು ಮುಂದೆ ಬಿಡುವಂತಿಲ್ಲ.

ನಾಲ್ಕನೇ ಘಾತ: ಇಲ್ಲಿ ನಿಧಾನವಾಗಿ ಓದಿ

ಲೋಡ್ ಎರಡು ಪಟ್ಟಾದರೆ ರಸ್ತೆಗೆ ಹಾನಿ ಎಷ್ಟು ಪಟ್ಟು? ಎರಡು ಅಂತ ಅನಿಸುತ್ತದೆ, ಅಲ್ವಾ? ಅಲ್ಲ. ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಡ್ಡ ದಂಡ) ಮೇಲಿನ ತೂಕ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟು. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಅಲ್ಲಿನ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ (ಆಶೋ) ನಡೆಸಿದ ರಸ್ತೆ ಪರೀಕ್ಷೆಯಿಂದ ಬಂದ ಸೂತ್ರ ಇದು: ಹಾನಿ, ಆಕ್ಸಲ್ ತೂಕದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ರಸ್ತೆಯಿಂದ ರಸ್ತೆಗೆ ಘಾತ ಸ್ವಲ್ಪ ಬದಲಾಗುತ್ತದೆ, ಆದರೆ ಅಂದಾಜಿಗೆ ನಾಲ್ಕು ಸಾಕು.

ಲೆಕ್ಕ ಮಾಡುವ ಸುಲಭ ದಾರಿ: ಅನುಪಾತ ತೆಗೆದು ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ವರ್ಗ ಮಾಡಿ. 1.2ರ ವರ್ಗ 1.44, ಅದರ ವರ್ಗ 2.07. ಅಂದರೆ ಶೇ. 20 ಜಾಸ್ತಿ ತೂಕಕ್ಕೆ ಎರಡು ಪಟ್ಟು ಹಾನಿ. 1.5 ಆದರೆ ಐದು ಪಟ್ಟು. 20ಕ್ಕೆ ಎರಡು, 50ಕ್ಕೆ ಐದು, ನೂರಕ್ಕೆ ಹದಿನಾರು. ಇಷ್ಟು ಬಾಯಲ್ಲಿದ್ದರೆ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಬೇಕಿಲ್ಲ.

ಈಗ ಇದನ್ನು ಕಾನೂನಿಗೆ ಹಚ್ಚಿ ನೋಡಿ. ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10.2 ಟನ್ ಮಿತಿ ಇತ್ತು. 2018ರ ಜುಲೈನಲ್ಲಿ ಕೇಂದ್ರ ಅದನ್ನು 11.5 ಟನ್ ಮಾಡಿತು. ಏರಿಕೆ ಶೇ. 13ರಷ್ಟೇ. ಆದರೆ ಹಾನಿ? 11.5ನ್ನು 10.2ರಿಂದ ಭಾಗಿಸಿ ಎರಡು ಸಲ ವರ್ಗ ಮಾಡಿದರೆ 1.6. ಕಾನೂನು ಮೀರದ ಲಾರಿಯೇ ರಸ್ತೆಯನ್ನು ಶೇ. 60 ಜಾಸ್ತಿ ಸವೆಸಬಹುದು.

"ಓವರ್‌ಲೋಡ್ ಮಾಡಿದರೆ ಟ್ರಿಪ್ ಕಡಿಮೆಯಾಗುತ್ತೆ, ರಸ್ತೆಗೂ ಒಳ್ಳೇದೇ" ಎಂಬ ವಾದ ಇದೆ. ಕೇಳಲು ಸರಿ ಅನಿಸುತ್ತದೆ, ಹಾಗಾಗಿ ಇದನ್ನು ಪೂರ್ತಿ ಬಿಡಿಸೋಣ. ಹಿಂದಿನ ಆಕ್ಸಲ್ ಮೇಲೆ ಖಾಲಿ ಲಾರಿಯ ತೂಕ 3.5 ಟನ್, ಅದಿರು 8 ಟನ್ ಅಂತ ಇಟ್ಟುಕೊಳ್ಳಿ. ಒಟ್ಟು 11.5, ಸರಿಯಾಗಿ ಮಿತಿಯಲ್ಲಿದೆ. ಈ ಹಾನಿಯನ್ನು 1 ಅನ್ನೋಣ. 16 ಟನ್ ಅದಿರು ಒಯ್ಯಲು ಎರಡು ಟ್ರಿಪ್, ಹಾನಿ 2. ವಾಪಸ್ ಬರುವ ಖಾಲಿ ಲಾರಿಯನ್ನು ಮರೆಯಬೇಡಿ. 3.5ನ್ನು 11.5ರಿಂದ ಭಾಗಿಸಿ ನಾಲ್ಕನೇ ಘಾತಕ್ಕೆ ಏರಿಸಿದರೆ ನೂರರಲ್ಲಿ ಒಂದು ಪಾಲೂ ಇಲ್ಲ, ಬಿಟ್ಟುಬಿಡಬಹುದು. ಈಗ ಅದೇ 16 ಟನ್ನನ್ನು ಒಂದೇ ಟ್ರಿಪ್ಪಿನಲ್ಲಿ ಹಾಕಿ. ಆಕ್ಸಲ್ ಮೇಲೆ 19.5. ಭಾಗಿಸಿದರೆ 1.7, ಹಾನಿ 8ಕ್ಕಿಂತ ಜಾಸ್ತಿ. ಸಾಗಿದ ಅದಿರು ಅಷ್ಟೇ, ಹಾನಿ ನಾಲ್ಕು ಪಟ್ಟು. ಉಳಿದ ಡೀಸೆಲ್ ಮತ್ತು ಬಾಡಿಗೆ ಲಾರಿಯವರಿಗೆ, ಗುಂಡಿ ಊರಿನವರಿಗೆ.

ದಂಡ ಮಾತ್ರ ನೇರ ಗೆರೆಯಲ್ಲಿ ಏರುತ್ತದೆ. 5 ಟನ್ ಹೆಚ್ಚಿದ್ದರೆ 30,000, 10 ಟನ್ ಹೆಚ್ಚಿದ್ದರೆ 40,000. ಹೆಚ್ಚುವರಿ ಎರಡು ಪಟ್ಟಾದರೂ ದಂಡ ಮೂರನೇ ಒಂದು ಪಾಲು ಮಾತ್ರ ಏರಿತು. ಒಮ್ಮೆ ಮಿತಿ ಮೀರಿದವರಿಗೆ ಇನ್ನಷ್ಟು ತುಂಬಲು ಈ ದಂಡವೇ ಕಾರಣ ಕೊಡುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ದೊಡ್ಡ ದೋಷ ಇದೇ.

ಬಳ್ಳಾರಿ

2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸಂಡೂರು, ಹೊಸಪೇಟೆ ಕಡೆಯಿಂದ ಬೇಲೆಕೇರಿ ಬಂದರಿನವರೆಗೆ ಅದಿರು ಹೋದದ್ದು ಜನ ಓಡಾಡುವ ರಸ್ತೆಯಲ್ಲೇ. ಇಲ್ಲಿ ಎರಡೂ ಕಾನೂನು ಸೇರುವ ಜಾಗ ಇದೆ. ಪರ್ಮಿಟ್‌ನಲ್ಲಿರುವುದಕ್ಕಿಂತ ಜಾಸ್ತಿ ತುಂಬಿದ ಪ್ರತಿ ಟನ್ನೂ ರಾಯಲ್ಟಿ ಕಟ್ಟದ ಟನ್, ಅದೇ ಟನ್ ರಸ್ತೆ ಮುರಿಯುವ ಟನ್. ಹಾಗಾಗಿ ತೂಕ ನೋಡಬೇಕಾದ್ದು ಗಣಿಯ ಗೇಟಿನಲ್ಲಿ. ಹೆದ್ದಾರಿಯಲ್ಲಿ ಹಿಡಿಯುವ ಹೊತ್ತಿಗೆ ಹಳ್ಳಿಯ ರಸ್ತೆ ಹಾಳಾಗಿರುತ್ತದೆ. ತೂಗಿಸಲು ವೇಬ್ರಿಡ್ಜ್ (ಲಾರಿಯನ್ನೇ ತೂಗುವ ಯಂತ್ರ) ಲಾರಿಯ ಮುಂದಿನ ದಾರಿಯಿಂದ 10 ಕಿ.ಮೀ. ಒಳಗೆ ಅಥವಾ ಲಾರಿ ತಲುಪುವ ಜಾಗದಿಂದ 20 ಕಿ.ಮೀ. ಒಳಗೆ ಇರಬೇಕು ಅಂತ 114 ಹೇಳುತ್ತದೆ. ವೇಬ್ರಿಡ್ಜೇ ಇಲ್ಲದ ಕಡೆ ಆ ಅಧಿಕಾರ ಕಾಗದದಲ್ಲೇ ಉಳಿಯುತ್ತದೆ.

ದುಡ್ಡು ಯಾರದ್ದು?

2015ರಿಂದ ಗಣಿ ಗುತ್ತಿಗೆದಾರರು ದುಡ್ಡು ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬ ನಿಧಿ ಇದೆ. ಹಳೆಯ ಗುತ್ತಿಗೆಗೆ ರಾಯಲ್ಟಿಯ ಶೇ. 30, ಹರಾಜಾದ ಗುತ್ತಿಗೆಗೆ ಶೇ. 10 ಕಟ್ಟಬೇಕು. ಇದರಲ್ಲಿ ರಸ್ತೆಯನ್ನೂ ಮಾಡಬಹುದು. ಆದರೆ ಇದು ಮೊದಲು ಗಣಿಬಾಧಿತ ಜನರ ಕುಡಿಯುವ ನೀರು, ಆರೋಗ್ಯ, ಶಾಲೆಗೆ ಇಟ್ಟ ದುಡ್ಡು. ಲಾರಿ ಮುರಿದ ರಸ್ತೆಗೆ ಅದನ್ನೇ ಸುರಿದರೆ ಜನ ಎರಡು ಸಲ ಕಳೆದುಕೊಳ್ಳುತ್ತಾರೆ.

ಅಮೆರಿಕದ ಪೆನ್ಸಿಲ್ವೇನಿಯಾ ಬೇರೆ ದಾರಿ ಹಿಡಿದಿದೆ. ಅಲ್ಲಿ ತೂಕದ ಮಿತಿ ಹಾಕಿದ ರಸ್ತೆಯಲ್ಲಿ ಅದಕ್ಕಿಂತ ಭಾರದ ಲಾರಿ ಓಡಿಸಬೇಕಾದರೆ, ಅನಿಲ ಕಂಪನಿಯಾಗಲಿ ಗಣಿಯಾಗಲಿ, ಮೊದಲೇ ಒಪ್ಪಂದ ಮಾಡಿಕೊಂಡು ರಸ್ತೆಯ ಹಾನಿಗೆ ಭದ್ರತೆಯಾಗಿ ಬಾಂಡ್ ಕೊಡಬೇಕು. ಡಾಂಬರಿಲ್ಲದ ರಸ್ತೆಗೆ ಮೈಲಿಗೆ 6,000 ಡಾಲರ್, ಡಾಂಬರು ರಸ್ತೆಗೆ 12,500. ಹಾಳು ಮಾಡಿದವರೇ ರಿಪೇರಿ ಮಾಡಬೇಕು. ಸೆಕ್ಷನ್ 194ರ ದಂಡ ಸಿಕ್ಕಿಬಿದ್ದ ದಿನಕ್ಕಷ್ಟೇ. ಈ ಭದ್ರತೆ ಲಾರಿ ಓಡುವ ಪ್ರತಿ ದಿನಕ್ಕೂ ಅನ್ವಯಿಸುತ್ತದೆ. ಬಳ್ಳಾರಿಯ ಪ್ರಶ್ನೆಗೆ ಉತ್ತರ ಬರೆಯುವಾಗ ನಾನು ಈ ಹೋಲಿಕೆಯನ್ನು ಖಂಡಿತ ಸೇರಿಸುತ್ತೇನೆ.