ಪದ ಪರಿಚಯ: ಮೇಡಂ

ಶಾಲೆಯ ಶಿಕ್ಷಕಿಯನ್ನು, ಬ್ಯಾಂಕಿನ ಅಧಿಕಾರಿಯನ್ನು ನಾವು ದಿನವೂ ‘ಮೇಡಂ’ ಎನ್ನುತ್ತೇವೆ. ಬಳಸಿ ಬಳಸಿ ಸವೆದ ಈ ಪದಕ್ಕೆ ಅರ್ಥವೊಂದಿದೆ ಎಂಬುದೇ ಮರೆತುಹೋಗಿದೆ. ಫ್ರೆಂಚಿನ ‘ಮಾ’, ‘ದಾಮ್’ ಎರಡೂ ಕೂಡಿ ಆದದ್ದು ಇದು. ‘ನನ್ನ ಒಡತಿ’ ಎಂದರ್ಥ. ಬೇರು ಲ್ಯಾಟಿನ್ನಿನ ‘ಡೊಮಿನಾ’, ಅಂದರೆ ಮನೆಯ ಯಜಮಾನಿ.

ಈ ಪದಕ್ಕೆ ಎಷ್ಟು ತೂಕವಿರಬಲ್ಲದು ಎಂಬುದು ನನಗೆ ತಿಳಿದದ್ದು ಕಪ್ಪು ಉದ್ಯಮಿ ಮೇಡಂ ಸಿ.ಜೆ. ವಾಕರ್ ಅವರ ಬದುಕನ್ನು ಓದಿದಾಗ. ಅಮೆರಿಕದ ಲೂಸಿಯಾನಾದ ಹತ್ತಿಯ ತೋಟವೊಂದರಲ್ಲಿ 1867ರಲ್ಲಿ ಹುಟ್ಟಿದ ಅವರ ಹೆಸರು ಸಾರಾ ಬ್ರೀಡ್‌ಲವ್. ತಂದೆ, ತಾಯಿ, ಅಕ್ಕ, ಅಣ್ಣಂದಿರು ಗುಲಾಮರಾಗಿದ್ದವರು. ಆ ಮನೆಯಲ್ಲಿ ಸ್ವತಂತ್ರವಾಗಿ ಹುಟ್ಟಿದ ಮೊದಲ ಮಗು ಸಾರಾ. ಏಳನೆಯ ವಯಸ್ಸಿಗೆ ತಬ್ಬಲಿ, ಹದಿನಾಲ್ಕಕ್ಕೆ ಮದುವೆ, ಇಪ್ಪತ್ತಕ್ಕೆ ವಿಧವೆ. ಪುಟ್ಟ ಮಗಳೊಂದಿಗೆ ಸೇಂಟ್ ಲೂಯಿಸ್ ನಗರಕ್ಕೆ ಬಂದು ವರ್ಷಗಟ್ಟಲೆ ಪರರ ಬಟ್ಟೆ ಒಗೆದರು.

ಆ ಕಾಲದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರು ಕಪ್ಪು ಹೆಂಗಸರನ್ನು ‘ಮಿಸೆಸ್’ ಎಂದು ಕರೆಯುತ್ತಿರಲಿಲ್ಲ. ವಯಸ್ಸು ಎಷ್ಟೇ ಆಗಿರಲಿ, ಬರಿಯ ಹೆಸರು; ಮುದುಕಿಯಾದರೆ ‘ಆಂಟಿ’. ಏಕವಚನದ ಕರೆ ಎಲ್ಲಿ ನಾಟುತ್ತದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೆತ್ತಿಯ ಕಾಯಿಲೆಯಿಂದ ಕೂದಲು ಉದುರತೊಡಗಿದ್ದೇ ಸಾರಾ ಅವರ ಬದುಕಿನ ತಿರುವು. ಮೊದಲು ಆನಿ ಮಲೋನ್ ಎಂಬ ಮತ್ತೊಬ್ಬ ಕಪ್ಪು ಉದ್ಯಮಿಯ ಕೇಶ ಔಷಧಿಗಳನ್ನು ಮಾರಿದರು. (ವಾಕರ್ ಅವರನ್ನು ಹೊಗಳುವ ಭರದಲ್ಲಿ ಮಲೋನ್ ಅವರನ್ನು ಮರೆಯುವುದು ಅನ್ಯಾಯ.) 1905ರಲ್ಲಿ ಡೆನ್ವರ್‌ಗೆ ಹೋದರು. ಮರುವರ್ಷ ಚಾರ್ಲ್ಸ್ ಜೋಸೆಫ್ ವಾಕರ್ ಅವರನ್ನು ಮದುವೆಯಾಗಿ, ತಮ್ಮದೇ ಮುಲಾಮನ್ನು ‘ಮೇಡಂ ಸಿ.ಜೆ. ವಾಕರ್’ ಹೆಸರಿನಲ್ಲಿ ಮಾರತೊಡಗಿದರು. ಸೌಂದರ್ಯದ ಕಸುಬಿನ ಹೆಂಗಸರು ಫ್ರೆಂಚ್ ಸೊಗಸು ಬರಲೆಂದು ‘ಮೇಡಂ’ ಸೇರಿಸಿಕೊಳ್ಳುವ ರೂಢಿ ಆಗಲೇ ಇತ್ತು. ಆದರೆ ಇಲ್ಲಿ ಅದು ಸೊಗಸಿಗಷ್ಟೇ ನಿಲ್ಲಲಿಲ್ಲ. ಅವರನ್ನು ಬರಿಯ ಸಾರಾ ಎನ್ನಲು ಯಾರಿಗೂ ಎಡೆಯೇ ಉಳಿಯಲಿಲ್ಲ. ಡಬ್ಬಿ ಕೊಳ್ಳಬೇಕಾದರೂ ‘ಮೇಡಂ’ ಎನ್ನಲೇಬೇಕಿತ್ತು.

1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನೆಲೆಯೂರಿ ಕಾರ್ಖಾನೆ ಕಟ್ಟಿದರು. ಸಾವಿರಾರು ಕಪ್ಪು ಹೆಂಗಸರು ಅವರ ಏಜೆಂಟರಾಗಿ ಮನೆಮನೆಗೆ ಹೋಗಿ ಮಾರಿದರು. ಪರರ ಬಟ್ಟೆ ಒಗೆಯುವುದು, ಪರರ ಅಡಿಗೆಮನೆ ಇವೆರಡರಾಚೆ ದುಡಿಮೆಯ ದಾರಿಯೊಂದು ತೆರೆಯಿತು.

1912ರಲ್ಲಿ ಷಿಕಾಗೋದಲ್ಲಿ ಕಪ್ಪು ವ್ಯಾಪಾರಿಗಳ ಸಮಾವೇಶ ನಡೆಯಿತು. ಅದರ ಅಧ್ಯಕ್ಷರಾಗಿದ್ದ, ಕಪ್ಪು ಜನರ ಹೆಸರಾಂತ ಮುಂದಾಳು ಬುಕರ್ ಟಿ. ವಾಷಿಂಗ್ಟನ್ ಅವರು ವಾಕರ್ ಅವರಿಗೆ ಮಾತಿನ ಅವಕಾಶ ಕೊಡಲೇ ಇಲ್ಲ. ಕೊನೆಗೆ ವಾಕರ್ ತಾವೇ ಎದ್ದು ನಿಂತರು: ಹತ್ತಿ ಹೊಲದಿಂದ ಒಗೆಯುವ ತೊಟ್ಟಿಗೆ, ಅಲ್ಲಿಂದ ಅಡಿಗೆಮನೆಗೆ ಬಡ್ತಿ ಸಿಕ್ಕಿತು, ಆಮೇಲೆ ಉದ್ಯಮಕ್ಕೆ ನನಗೆ ನಾನೇ ಬಡ್ತಿ ಕೊಟ್ಟುಕೊಂಡೆ, ನನ್ನ ನೆಲದಲ್ಲಿ ನನ್ನ ಕಾರ್ಖಾನೆ ಕಟ್ಟಿದ್ದೇನೆ ಎಂದರು. ಮರುವರ್ಷದ ಸಮಾವೇಶಕ್ಕೆ ಅವರನ್ನು ಭಾಷಣಕಾರರಾಗಿ ಕರೆಯಲಾಯಿತು.

ಅಷ್ಟರಲ್ಲಿ ವಾಕರ್ ದಂಪತಿ ಬೇರೆಯಾಗಿದ್ದರು. 1919ರಲ್ಲಿ ತೀರಿಕೊಳ್ಳುವವರೆಗೂ ಮೇಡಂ ಆ ಹೆಸರನ್ನು ಬಿಡಲಿಲ್ಲ.