ಹೈಡಾಟಿಡ್ ಚೀಲ: ನಾಯಿಗೆ ಎಸೆದ ಕಲೇಜಿ ಮತ್ತು ನಮ್ಮ ಯಕೃತ್ತು

ಯಕೃತ್ತಿನ ಕಾಯಿಲೆ ಎಂದರೆ ಯಾದಗಿರಿ ಕಡೆಯ ಮನೆಗಳಲ್ಲಿ ಮೊದಲು ಏಳುವ ಅನುಮಾನ ಕುಡಿತದ್ದು, ಆಮೇಲೆ ಕಾಮಾಲೆಯದು. ಶಿಂದಿ, ಸಾರಾಯಿ ಮುಟ್ಟದ ಕುರಿಗಾಹಿ ಹೆಂಗಸಿನ ಸ್ಕ್ಯಾನಿಂಗ್ ವರದಿಯಲ್ಲಿ ‘ಹೈಡಾಟಿಡ್ ಸಿಸ್ಟ್’ ಎಂದು ಬಂದರೆ ಮನೆಯವರಿಗೆ ದಿಕ್ಕು ತೋಚುವುದಿಲ್ಲ. ಕ್ಯಾನ್ಸರ್ ಎಂದೇ ಹೆದರುವವರೂ ಉಂಟು. ಎಕಿನೊಕಾಕಸ್ ಗ್ರ್ಯಾನುಲೋಸಸ್ ಎಂಬ ಲಾಡಿಹುಳುವಿನ ಮರಿ ಯಕೃತ್ತಿನಲ್ಲಿ ನೆಲೆನಿಂತು ಬೆಳೆಯುವ, ನೀರು ತುಂಬಿದ ಚೀಲವಿದು.

ಬಲಿತ ಹುಳು ಇರುವುದು ನಾಯಿಯ ಕರುಳಿನಲ್ಲಿ. ಉದ್ದ ಒಂದು ಸೆಂಟಿಮೀಟರೂ ಇಲ್ಲ. ನಾಯಿ ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿರುತ್ತದೆ. ಅದರ ಮಲದೊಂದಿಗೆ ಹೊರಬಿದ್ದ ಮೊಟ್ಟೆಗಳು ಹುಲ್ಲು, ಮಣ್ಣು, ನೀರು ಸೇರುತ್ತವೆ. ಮೇಯುವ ಕುರಿ ಅವನ್ನು ನುಂಗಿದರೆ ಅದರ ಯಕೃತ್ತು, ಶ್ವಾಸಕೋಶಗಳಲ್ಲಿ ಚೀಲ ಏಳುತ್ತದೆ. ಆ ಒಳಾಂಗ ಹಸಿಯಾಗಿ ನಾಯಿಯ ಹೊಟ್ಟೆ ಸೇರಿದರೆ ಮತ್ತೆ ಹುಳು. ಈ ಸುತ್ತಿಗೆ ಮನುಷ್ಯ ಬೇಕಾಗಿಯೇ ಇಲ್ಲ. ನಾಯಿಯ ಮೈ ಸವರಿದ ಕೈಯಲ್ಲೇ ರೊಟ್ಟಿ ಮುರಿದು, ತೊಳೆಯದ ಸೊಪ್ಪು ಹಸಿಯಾಗಿ ತಿಂದು ನಾವೇ ನಡುವೆ ಸಿಕ್ಕಿಕೊಳ್ಳುತ್ತೇವೆ. ಹಟ್ಟಿಯ ನಾಯಿಗಳೊಂದಿಗೆ ಬೆಳೆಯುವ ಮಕ್ಕಳಿಗೆ ಅಪಾಯ ಹೆಚ್ಚು.

ಕಲೇಜಿ ತಿಂದದ್ದಕ್ಕೇ ರೋಗ ಬಂತು ಎನ್ನುವವರಿದ್ದಾರೆ. ಚೀಲವಿದ್ದ ಕಲೇಜಿ ತಿಂದರೆ ಮನುಷ್ಯನಿಗೆ ಈ ರೋಗ ಬರುವುದಿಲ್ಲ. ತಗಲುವುದು ನಾಯಿಯ ಮಲದ ಮೊಟ್ಟೆಯಿಂದ. ನೀರುಗುಳ್ಳೆ ಕಂಡ ಕಲೇಜಿಯನ್ನು ಗಿರಾಕಿಗೆ ಕೊಡದೆ ಬೀದಿನಾಯಿಗೆ ಎಸೆಯುವ ಕಟುಕ ತಾನು ಒಳ್ಳೆಯದನ್ನೇ ಮಾಡಿದೆನೆಂದುಕೊಳ್ಳುತ್ತಾನೆ. ನನ್ನ ಪ್ರಕಾರ ಊರಿಗೆ ಕೇಡು ಹತ್ತುವುದೇ ಅಲ್ಲಿ. ಹರಕೆಗೆ, ಬೀಗರ ಊಟಕ್ಕೆ ಅಂಗಳದಲ್ಲೇ ಕುರಿ ಕಡಿದಾಗಲೂ ಇದೇ ಕಥೆ. ಗುಳ್ಳೆ ಕಂಡ ಒಳಾಂಗವನ್ನು ಆಳವಾಗಿ ಹೂಳಬೇಕು, ಇಲ್ಲವೇ ಸುಡಬೇಕು. ನಾಯಿಗೆ ಹಾಕಲೇಬೇಕೆಂದರೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕುದಿಸಬೇಕು.

ಚೀಲ ಬೆಳೆಯುವುದು ನಿಧಾನ. ಬಾಲ್ಯದಲ್ಲಿ ಹೊಕ್ಕ ಮೊಟ್ಟೆಯ ಫಲ ನಡುವಯಸ್ಸಿನಲ್ಲಿ ಬಲಪಕ್ಕೆಯ ಭಾರವಾಗಿ, ನೋವಾಗಿ ಕಾಣಿಸಬಹುದು. ಹೊಟ್ಟೆಗೆ ಪೆಟ್ಟು ಬಿದ್ದು ಒಡೆದರೆ ಒಳಗಿನ ನೀರು ಜೀವ ತೆಗೆಯುವಷ್ಟು ತೀವ್ರ ಅಲರ್ಜಿ ಎಬ್ಬಿಸಬಲ್ಲದು, ಹೊಸ ಚೀಲಗಳನ್ನೂ ಹುಟ್ಟಿಸಬಲ್ಲದು. ಚೀಲದ ಹಂತ ನೋಡಿ ವೈದ್ಯರು ಮಾತ್ರೆ, ಸೂಜಿಯಿಂದ ನೀರು ತೆಗೆಯುವುದು, ಶಸ್ತ್ರಚಿಕಿತ್ಸೆ ಇವುಗಳಲ್ಲಿ ಒಂದನ್ನು ಆರಿಸುತ್ತಾರೆ. ಕೆಲವನ್ನು ಸುಮ್ಮನೆ ಗಮನಿಸುತ್ತಿರುವುದೂ ಉಂಟು. ಶಾಲೆಯಲ್ಲಿ ಜಂತುಹುಳು ದಿನದಂದು ಕೊಡುವ ಅಲ್ಬೆಂಡಜೋಲ್ ಇದಕ್ಕೂ ಬಳಕೆಯಾಗುತ್ತದೆ, ಆದರೆ ಆ ಒಂದು ಮಾತ್ರೆಗೆ ಚೀಲ ಜಗ್ಗುವುದಿಲ್ಲ. ವೈದ್ಯರ ನಿಗಾದಲ್ಲಿ ತಿಂಗಳುಗಟ್ಟಲೆ ನುಂಗಬೇಕಾಗುತ್ತದೆ.

ಕುರಿಗಳಿಗೆ ತಪ್ಪದೆ ಜಂತಿನ ಔಷಧಿ ಕುಡಿಸುವ ಹಟ್ಟಿಗಳಲ್ಲೂ ನಾಯಿಯ ಸರದಿ ಬರುವುದು ಅಪರೂಪ. ನಾಯಿಯ ಲಾಡಿಹುಳುವಿಗೆ ಪಶುವೈದ್ಯರು ಕೊಡುವುದು ಪ್ರಾಜಿಕ್ವಾಂಟೆಲ್. ಮತ್ತೆ ಹಸಿ ಒಳಾಂಗ ತಿಂದ ನಾಯಿಯಲ್ಲಿ ಸುಮಾರು ಒಂದೂವರೆ ತಿಂಗಳಿಗೆ ಹುಳು ಬಲಿತು ಮೊಟ್ಟೆ ಬಿಡತೊಡಗುವುದರಿಂದ, ಒಂದೇ ಸಲ ಕೊಟ್ಟು ಕೈಬಿಟ್ಟರೆ ಸಾಲದು.