ಒಂದೇ ಬಳ್ಳಿ ಉಳ್ಕೊಂಡಿದೆ, ನಿರೋಧಕ ತಳಿನಾ?

ಮಳೆಗಾಲ ಮುಗೀತಾ ಬಂದಂಗೆ ಶಿರಸಿ ಕಡೆಯಿಂದ ಫೋನು ಶುರು. ತೋಟದ ಕಾಳುಮೆಣಸು ಎಲ್ಲಾ ಸೊರಗಿ ಹೋಯ್ತು ಮಾರಾಯ್ರೆ, ನಡುವೆ ಒಂದೇ ಒಂದು ಬಳ್ಳಿ ಹಸಿರಾಗಿ ನಿಂತಿದೆ, ಇದು ನಿರೋಧಕ ತಳಿನೇ ಅಲ್ವಾ ಅಂತ. ಇರಬಹುದು. ಆದ್ರೆ ಹೆಚ್ಚಿನ ಸಲ ಅದು ತಪ್ಪಿಸಿಕೊಂಡ ಬಳ್ಳಿ ಅಷ್ಟೇ. ಸೊರಗು ರೋಗ ತರೋ ಫೈಟೋಫ್ಥೊರಾದ ಬೀಜಾಣು ನೀರಲ್ಲಿ ಈಜ್ತದೆ, ಹಾಗಾಗಿ ಬುಡ ಸ್ವಲ್ಪ ಏರಲ್ಲಿದ್ರೆ, ಬಸಿಗಾಲುವೆ ಚೊಲೋ ಇದ್ರೆ, ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ ಔಷಧಿ) ಸರಿಯಾಗಿ ಬಿದ್ದಿದ್ರೆ ರೋಗ ಅಲ್ಲಿಗೆ ಮುಟ್ಟೇ ಇರಲ್ಲ.

ಮೆಣಸಲ್ಲಿ ನಮ್ಗೆ ಒಂದು ಅನುಕೂಲ ಇದೆ, ಬಳ್ಳಿ ತುಂಡು ನೆಟ್ರೆ ಅದೇ ತಳಿ ಬರ್ತದೆ, ಹತ್ತಾರು ಗಿಡ ಮಾಡ್ಕೊಂಡು ಕೆಲವಕ್ಕೆ ಬೇಕಂತಲೇ ರೋಗ ಹತ್ತಿಸಿ, ಸಾಯಿಸಿ ನೋಡಬಹುದು. ಭತ್ತದಲ್ಲಿ ಬೆಂಕಿ ರೋಗಕ್ಕೆ ನಿರೋಧಕ ತಳಿ ಹುಡುಕೋ ಕೆಲಸದಲ್ಲಿ ಹಂಗಲ್ಲ, ಕ್ರಾಸ್ ಮಾಡಿದ ಎರಡನೇ ತಲೆಮಾರಲ್ಲಿ ಒಂದೊಂದು ಗಿಡನೂ ಬೇರೆ ಬೇರೆ, ಅದಕ್ಕೇ ಅದರ ಬೀಜನ ಮುಂದಿನ ಹಂಗಾಮಲ್ಲಿ ಸಾಲಾಗಿ ಬಿತ್ತಿ, ಎಲೆ ಮೇಲಿನ ಚುಕ್ಕೆಗೆ 0ರಿಂದ 9ರ ವರೆಗೆ ಅಂಕ ಕೊಟ್ಟು ತಾಳೆ ನೋಡ್ಬೇಕಾಗ್ತದೆ.

ಮೆಣಸಿನ ಟೆಸ್ಟ್ ಅಂದ್ರೆ ಹೀಗೆ: ಎಳೆ ಕಾಂಡಕ್ಕೆ ಸೂಜಿ ಚುಚ್ಚಿ, ಫೈಟೋಫ್ಥೊರಾ ಬೆಳೆಸಿದ ಚಿಕ್ಕ ಬಿಲ್ಲೆ ಅಂಟಿಸಿ, ಮೇಲೆ ಒದ್ದೆ ಹತ್ತಿ ಇಡೋದು. ಮೂರ್ನಾಲ್ಕು ದಿನಕ್ಕೆ ಕಪ್ಪು ಕಲೆ ಎಷ್ಟುದ್ದ ಹೋಯ್ತು ಅಂತ ಅಳೀತೇವೆ. ಅಷ್ಟೇ ಸಾಲ್ದು, ಕಾಂಡ ಉದ್ದಕ್ಕೆ ಸೀಳಬೇಕು, ಯಾಕಂದ್ರೆ ಹೊರಗೆ ಸಣ್ಣ ಕಲೆ ಕಂಡ್ರೂ ಒಳಗಿನ ತಿರುಳು ಕಂದು ಬಣ್ಣಕ್ಕೆ ತಿರುಗಿರೋ ಬಳ್ಳಿ ಬೇಕಾದಷ್ಟಿರ್ತವೆ. ಪಕ್ಕದಲ್ಲಿ ಸುಲಭಕ್ಕೆ ರೋಗ ಬರೋ ತಳಿ, ಪನ್ನಿಯೂರು-1 ತರದ್ದು, ಇರಲೇಬೇಕು, ಅದಕ್ಕೇ ರೋಗ ಬರಲಿಲ್ಲ ಅಂದ್ರೆ ಆ ಟೆಸ್ಟೇ ಲೆಕ್ಕಕ್ಕಿಲ್ಲ. ಅಳೆಯೋರಿಗೆ ಯಾವ ಕುಂಡ ಯಾರ ತೋಟದ್ದು ಅಂತ ಗೊತ್ತಿರಬಾರದು, ನಂಬರ್ ಮಾತ್ರ. ಗೊತ್ತಿದ್ರೆ ಕಣ್ಣು ದಾಕ್ಷಿಣ್ಯ ಮಾಡ್ತದೆ.

ಕಾಂಡದಲ್ಲಿ ಪಾಸಾದ್ರೂ ಬೇರಿನ ಟೆಸ್ಟು ಬಾಕಿ, ಬಳ್ಳಿ ಸಾಯೋದು ಮುಖ್ಯವಾಗಿ ಬೇರು-ಬುಡ ಕೊಳೆತೇ. ಸಂಬಾರ ಬೆಳೆ ಸಂಶೋಧನಾ ಸಂಸ್ಥೆಯ (ಐಐಎಸ್ಆರ್) ಶಕ್ತಿ, ತೇವಂ ತಳಿಗಳನ್ನೂ ಸಹಿಷ್ಣು, ಅಂದ್ರೆ ರೋಗ ಬಂದ್ರೂ ತಕ್ಕಮಟ್ಟಿಗೆ ತಾಳ್ಕೊಳ್ತವೆ ಅಂತಾರೆ, ಪೂರ್ತಿ ನಿರೋಧಕ ಅಂತಲ್ಲ. ಬೇರು ನಿಜಕ್ಕೂ ಗಟ್ಟಿ ಇರೋದು ಮೆಣಸಿನ ಕಾಡು ಸಂಬಂಧಿಯಾದ ಬ್ರೆಜಿಲ್ ಹಿಪ್ಪಲೀದು, ಆದ್ರೆ ಅದಕ್ಕೆ ಕಸಿ ಕಟ್ಟಿದ್ರೂ ಮೇಲಿನ ಎಲೆ-ಕಾಂಡಕ್ಕೆ ರೋಗ ಬರೋದು ತಪ್ಪಲ್ಲ, ಬೇಸಿಗೇಲಿ ನೀರೂ ಜಾಸ್ತಿ ಬೇಕು.

ಹಾಗಾಗಿ ಆ ಒಂಟಿ ಬಳ್ಳಿಗೆ ಗುರುತು ಕಟ್ಟಿ, ಬೇರೆ ಬಳ್ಳಿ ಸತ್ತ ಬುಡದಲ್ಲೇ ಅದರ ನಾಲ್ಕಾರು ಗಿಡ ನೆಟ್ಟು ಎರಡು ಮಳೆಗಾಲ ನೋಡಿ. ನರ್ಸರಿ ಮಾಡಿ ಮಾರೋದು ಆಮೇಲಿನ ಮಾತು.